ಕಬ್ಬನ್ ಪಾರ್ಕಿನ ಚೆರ್ರಿ ಮರ

ಕಳೆದ ಮಾಘಮಾಸದಲ್ಲಿ ನಾವು ಹದಿನೈದು ದಿವಸ ಬೆಂಗಳೂರಿನಲ್ಲಿ ಇದ್ದೆವು. ನಮ್ಮ ಮನೆಯವರ ಕಣ್ಣಿನ ಪೊರೆ ತೆಗೆಸುವುದಿತ್ತು. ಮಗ ಅಲ್ಲಿ ನೌಕರಿಯಲ್ಲಿದ್ದಾನೆ, ಅಲ್ಲಿಯೇ ಆಗಲಿ ಎಂದು ಹಟ ಹಿಡಿದ. ಯಳವಿಯಂಥ ಊರಿನಲ್ಲಿ ಐವತ್ತಕ್ಕೆ ಹತ್ತಿರ ವರ್ಷ ತಕ್ಕಡಿಯ ಮುಂದೆ ಕುಳಿತವರಿಗೆ ಫ್ಲ್ಯಾಟಿನಲ್ಲಿ ಹೊತ್ತು ಹೋಗುವುದು ಎಷ್ಟು ಕಠಿಣವೆಂಬುದನ್ನು ನಮ್ಮ ವ್ಯಾಪಾರಸ್ಥ ಬಂಧುಗಳಿಗೆ ಬೇರೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಬಸದಿಯ ದರ್ಶನ ಮುಗಿಸಿ ಬಂದರೆ ಮುಂದೆ ಸೂರ್ಯಾಸ್ತದ ಊಟದವರೆಗೆ ಗೋಡೆಯ ಗಡಿಯಾರ ನೋಡುವುದೇ ಉದ್ಯೋಗ.

ಒಂದು ರವಿವಾರ ಮೊಮ್ಮಗಳು ಬಂದು, "ಅಜ್ಜಾ, ಕಬ್ಬನ್ ಪಾರ್ಕಿನಾಗ ಚೆರ್ರಿ ಹೂವು ಬಿಟ್ಟಾವಂತ. ನಮ್ಮ ಕ್ಲಾಸಿನವರೆಲ್ಲ ನೋಡಿ ಬಂದಾರ, ನೀವೂ ನಡೀರಿ" ಎಂದಳು. ಹುಟ್ಟಿದ್ದು ಬೆಂಗಳೂರಿನಲ್ಲಾದರೂ ಮನೆಯೊಳಗೆ ನಮ್ಮ ಕಡೆಯ ಮಾತನ್ನೇ ಆಡುತ್ತಾಳೆ. ಇದು ನಮ್ಮ ಸೊಸೆಯ ಪುಣ್ಯ.

ಚೆರ್ರಿ ಎಂದರೆ ನಮಗೆ ಗೊತ್ತಿದ್ದದ್ದು ಕೇಕಿನ ಮೇಲೆ ಕೂರಿಸುವ ಕೆಂಪು ಗುಂಡು ಮಾತ್ರ. ಅದಕ್ಕೊಂದು ಮರವಿದೆ, ಆ ಮರ ನೋಡಲು ಜನ ಹೋಗುತ್ತಾರೆ ಎಂಬುದು ಹೊಸ ಸಂಗತಿ. ನಮ್ಮ ಜತ್ತ ತಾಲೂಕಿನಲ್ಲಿ ಜಾಲಿ, ಬೇವು, ಹುಣಸೆ ಬಿಟ್ಟರೆ ಮರವನ್ನು ಮರವೆಂದು ಯಾರೂ ನೋಡಲು ಹೋಗುವುದಿಲ್ಲ. ನೆರಳಿದ್ದರೆ ಕೂಡುತ್ತೇವೆ, ಇಲ್ಲದಿದ್ದರೆ ಮುಂದೆ ನಡೆಯುತ್ತೇವೆ. ಆಯಿತು, ನೋಡೋಣ ಎಂದು ಪಟಗ ಸುತ್ತಿಕೊಂಡು ಹೊರಟೆವು.

ಕಬ್ಬನ್ ಪಾರ್ಕು 1870ರಲ್ಲಿ ಆದದ್ದು. ರಿಚರ್ಡ್ ಸ್ಯಾಂಕಿ ಎಂಬ ಇಂಜಿನಿಯರ ಸಾಹೇಬರು ಮಾಡಿಸಿದರು. 1927ರಿಂದ ಅದಕ್ಕೆ ಸರಕಾರಿ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನ. ಆದರೆ ಆ ಹೆಸರನ್ನು ಕೇಳಿದರೆ ರಿಕ್ಷಾದವನಿಗೆ ತಿಳಿಯುವುದಿಲ್ಲ, ಕಬ್ಬನ್ ಎಂದೇ ಹೇಳಬೇಕು. ಕೆಂಪು ಬಣ್ಣದ ಹೈಕೋರ್ಟು ಒಂದು ಬದಿಗೆ, ಕೆಂಪು ಬಣ್ಣದ್ದೇ ಗ್ರಂಥಾಲಯ ಇನ್ನೊಂದು ಬದಿಗೆ. ಒಳಗೆ ಹೋದರೆ ಪೇಟೆಯ ಗದ್ದಲ ಯಾರೋ ಕದ ಹಾಕಿದಂತೆ ಕಡಿಮೆಯಾಗುತ್ತದೆ.

ಮರ ದೂರದಿಂದಲೇ ಕಂಡಿತು. ಸುಳ್ಳು ಹೇಳಬಾರದು, ಕಂಡ ಕೂಡಲೆ ನಾವು ನಿಂತುಬಿಟ್ಟೆವು. ಮೈಮೇಲೆ ಎಲೆ ಎಂಬುದು ಕಾಣಲೊಲ್ಲದು, ಟೊಂಗೆ ಟೊಂಗೆಗೆ ಬರೀ ಗುಲಾಬಿ ಬಣ್ಣದ ಹೂವಿನ ಗೊಂಚಲು. ಕೆಳಗೆ ನೆಲವೂ ಗುಲಾಬಿ. ಪಂಚಕಲ್ಯಾಣದ ಮಂಟಪಕ್ಕೆ ಸಹ ಇಷ್ಟು ಹೂವು ಕಟ್ಟಿದ್ದನ್ನು ನಾವು ಕಂಡಿಲ್ಲ. ಬುಡದಲ್ಲಿ ಜಾತ್ರೆಯ ಹಾಗೆ ಜನ. ಒಬ್ಬರ ಫೋಟೋ ಇನ್ನೊಬ್ಬರು ತೆಗೆಯುತ್ತಿದ್ದರು. ಒಂದು ಹುಡುಗಿ ನೆಲದ ಹೂವು ಬೊಗಸೆ ತುಂಬಿ ಮೇಲಕ್ಕೆ ತೂರುವುದು, ಅವಳ ಗೆಳತಿ ಫೋಟೋ ಹೊಡೆಯುವುದು, ಸರಿ ಬರಲಿಲ್ಲವೆಂದು ಮತ್ತೆ ತೂರುವುದು. ಎಲ್ಲರ ಬಾಯಲ್ಲಿಯೂ ಚೆರ್ರಿ, ಚೆರ್ರಿ.

ನಾವು ಬಿದ್ದ ಹೂವೊಂದನ್ನು ಎತ್ತಿಕೊಂಡು ಪಕ್ಕದ ಕಲ್ಲುಬೆಂಚಿನ ಮೇಲೆ ಕುಳಿತೆವು. ಅಲ್ಲಿ ಮೊದಲೇ ಒಬ್ಬ ಹಿರಿಯರು ಕುಳಿತಿದ್ದರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು, ದಿನಾಲು ಬೆಳಿಗ್ಗೆ ಅಲ್ಲಿಗೆ ಬರುವವರಂತೆ. ನಮ್ಮ ಪಟಗ ನೋಡಿ ಎಲ್ಲಿಯವರು ಎಂದು ಕೇಳಿದರು. ಸಾಂಗಲಿ ಜಿಲ್ಲೆಯವರು, ಚೆರ್ರಿ ಮರ ನೋಡಲು ಬಂದೆವು ಎಂದೆವು. ಅವರು ಮೆಲ್ಲನೆ ನಕ್ಕು, "ಕ್ಷಮಿಸಿ ಸ್ವಾಮಿ, ಇದು ಚೆರ್ರಿ ಅಲ್ಲ" ಎಂದರು.

ಮುಂದೆ ಒಂದು ತಾಸು ಅವರಿಂದ ನಾವು ಕಲಿತದ್ದನ್ನು ತಿಳಿದಷ್ಟು ಬರೆಯುತ್ತೇವೆ.

ಈ ಮರದ ಹೆಸರು ಟಬೆಬುಯಾ ರೋಸಿಯಾ. ಮೂಲ ಊರು ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದ ಉತ್ತರ ಭಾಗದವರೆಗಿನ ಸೀಮೆ. ಎಲ್ ಸಾಲ್ವಡೋರ್ ಎಂಬ ಸಣ್ಣ ದೇಶಕ್ಕೆ ಅದು ರಾಷ್ಟ್ರವೃಕ್ಷ. ಬೆಂಗಳೂರಿನಲ್ಲಿ ವರ್ಷದ ಯಾವ ತಿಂಗಳಲ್ಲಿಯೂ ಯಾವುದಾದರೊಂದು ಜಾತಿಯ ಮರ ಹೂವು ಬಿಟ್ಟಿರಬೇಕು ಎಂಬ ಲೆಕ್ಕ ಹಾಕಿ ಸಾಲುಮರ ನೆಡಿಸಿದವರು ಜರ್ಮನಿಯ ಕೃಂಬಿಗಲ್ ಸಾಹೇಬರು. ಬಡೋದೆ ಸಂಸ್ಥಾನದಲ್ಲಿದ್ದವರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, 1956ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಅವರ ನಂತರ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ನಗರದಲ್ಲಿ ಹದಿನೈದು ಲಕ್ಷದಷ್ಟು ಸಸಿ ಹಚ್ಚಿಸಿದರು. ನೇಗಿನಹಾಳ ಎಂಬುದು ನಮ್ಮ ಬೈಲಹೊಂಗಲದ ಕಡೆಯ ಊರಿನ ಹೆಸರು, ಕೇಳಿ ನಮಗೆ ಒಳಗೊಳಗೇ ಹೆಮ್ಮೆಯಾಯಿತು. ಅವರು 2021ರಲ್ಲಿ ತೀರಿಕೊಂಡರು. ಇಂದು ಫೋಟೋ ತೆಗೆಸಿಕೊಳ್ಳುವ ಹುಡುಗರಿಗೆ ಈ ಇಬ್ಬರ ಹೆಸರೂ ಗೊತ್ತಿಲ್ಲ, ಮರದ ಹೆಸರೂ ಗೊತ್ತಿಲ್ಲ.

"ಚೆರ್ರಿ ಅಲ್ಲ ಅಂತ ಹ್ಯಾಂಗ ಗುರ್ತ ಹಿಡೀಬೇಕ್ರಿ?" ಎಂದು ಕೇಳಿದೆವು. ಮಾಲಿನ ಪರೀಕ್ಷೆ ಎಂದರೆ ನಮ್ಮ ಕಿವಿ ತಾನಾಗಿ ನೆಟ್ಟಗಾಗುತ್ತದೆ. ಅವರು ನಮ್ಮ ಕೈಯೊಳಗಿನ ಹೂವನ್ನೇ ತೋರಿಸಿದರು. ಈ ಹೂವು ತುತ್ತೂರಿಯ ಹಾಗೆ ಒಂದೇ ಕೊಳವೆ, ತುದಿಯಲ್ಲಿ ಮಾತ್ರ ಐದು ಭಾಗ. ಬಿದ್ದರೆ ಇಡೀ ಹೂವೇ ಬೀಳುತ್ತದೆ. ಚೆರ್ರಿಯ ಹೂವಿನ ಎಸಳು ಐದೂ ಬೇರೆ ಬೇರೆ, ಒಂದೊಂದಾಗಿ ಉದುರುತ್ತವೆ. ಕೆಳಗೆ ಬಿದ್ದ ಒಣ ಎಲೆಯನ್ನು ಎತ್ತಿ ಕೊಟ್ಟರು. ಅಂಗೈಗೆ ಐದು ಬೆರಳಿದ್ದಂತೆ ಒಂದು ತೊಟ್ಟಿಗೆ ಐದು ಎಲೆ. ಚೆರ್ರಿಗೆ ಒಂದು ತೊಟ್ಟಿಗೆ ಒಂದೇ ಎಲೆ, ಅಂಚು ಗರಗಸ. ಇದಕ್ಕೆ ಕೋಡು ಆಗುತ್ತದೆ, ಒಡೆದರೆ ರೆಕ್ಕೆಯ ಬೀಜ ಗಾಳಿಗೆ ಹಾರುತ್ತದೆ. ಚೆರ್ರಿಗೆ ಒಳಗೆ ಒಂದೇ ಗಟ್ಟಿ ಬೀಜವಿರುವ ಹಣ್ಣು. ಜಪಾನದ ಚೆರ್ರಿಗೆ ಚಳಿಗಾಲದಲ್ಲಿ ವಾರಗಟ್ಟಲೆ ಕೊರೆಯುವ ಥಂಡಿ ಬೇಕು, ಇಲ್ಲದಿದ್ದರೆ ಮೊಗ್ಗು ಏಳುವುದೇ ಇಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತಿ ಹೆಚ್ಚಿನ ಥಂಡಿ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ ಒಂದು ದಿನ. ಅದಕ್ಕೇ ಇಲ್ಲಿ ಚೆರ್ರಿ ಹೂವು ಬಿಡುವ ಮಾತೇ ಇಲ್ಲ ಎಂದರು.

ನಾವು ಕೇಕಿನ ಚೆರ್ರಿಯ ವಿಷಯ ತೆಗೆದೆವು. ಅದೂ ಹೆಚ್ಚಾಗಿ ಚೆರ್ರಿ ಅಲ್ಲವಂತೆ! ನಮ್ಮ ಗುಡ್ಡದ ಕವಳಿ ಹಣ್ಣು. ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ಹಾಕಿ, ಕೆಂಪು ಬಣ್ಣ ಕೊಟ್ಟದ್ದು. ಅದನ್ನು ನಾವು ಇಪ್ಪತ್ತು ವರ್ಷ ಚೆರ್ರಿ ಎಂದು ಮಾರಿದ್ದೇವೆ, ಹಾಗೆಂದೇ ತಿಳಿದು ಮಾರಿದ್ದೇವೆ. ಹೆಸರು ಗೊತ್ತಿಲ್ಲದ ಹಣ್ಣು ಅಭಕ್ಷ್ಯ ಎಂದು ನಮ್ಮಲ್ಲಿ ಹಿರಿಯರು ಹೇಳುತ್ತಾರೆ. ಹೆಸರು ಗೊತ್ತಿದೆ ಎಂದುಕೊಂಡು ತಿನ್ನುವ ಹಣ್ಣಿನ ಬಗ್ಗೆ ಅವರು ಏನೂ ಹೇಳಿದಂತಿಲ್ಲ.

ಆಮೇಲೆ ಅವರು ಹೇಳಿದ ಒಂದು ಕಥೆ ನಮ್ಮ ವ್ಯಾಪಾರಿ ಮಕ್ಕಳೆಲ್ಲ ಕೇಳತಕ್ಕದ್ದು. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಸಾರ್ವಜನಿಕ ಉದ್ಯಾನಕ್ಕಾಗಿ ಜಪಾನದವರು ಚೆರ್ರಿ ಸಸಿಗಳನ್ನು ಕಾಣಿಕೆಯಾಗಿ ಕೊಟ್ಟರು. 1910ರಲ್ಲಿ ಎರಡು ಸಾವಿರ ಸಸಿಗಳು ಹಡಗಿನಲ್ಲಿ ಬಂದವು. ಬಿಚ್ಚಿ ನೋಡಿದರೆ ಹುಳು ಹತ್ತಿದ ಮಾಲು. ಪರೀಕ್ಷೆ ಮಾಡಿದವರು ಇಲ್ಲಿಯ ಗಿಡಗಳಿಗೂ ಹರಡುತ್ತದೆ ಎಂದರು. ಅಧ್ಯಕ್ಷ ಟ್ಯಾಫ್ಟ್ ಅವರ ಒಪ್ಪಿಗೆ ಪಡೆದು ಎಲ್ಲವನ್ನೂ ಸುಟ್ಟುಹಾಕಿದರು. ಎರಡು ಸಾವಿರ ಸಸಿಗಳ ಜೊತೆ ಎಷ್ಟು ಜೀವಗಳು ಬೆಂಕಿಗೆ ಹೋದವೋ ಎಂದು ಒಂದು ಕ್ಷಣ ನಮ್ಮ ಮನಸ್ಸಿಗೆ ಹತ್ತಿತು, ಅದನ್ನು ಅವರಿಗೂ ಹೇಳಿದೆವು. ಅವರು ಹೌದು ಎಂದು ತಲೆ ಹಾಕಿ ಮುಂದೆ ಹೇಳಿದರು. ಸುದ್ದಿ ಟೋಕಿಯೋಕ್ಕೆ ಹೋಯಿತು. ಅಲ್ಲಿಯ ಮೇಯರ್ ಯುಕಿಯೋ ಒಝಾಕಿ ಸಿಟ್ಟಾಗಲಿಲ್ಲ, ಕಾಣಿಕೆಯ ಮಾಲಿಗೆ ಇಷ್ಟು ಪರೀಕ್ಷೆಯೇ ಎನ್ನಲಿಲ್ಲ. ನಿರೋಗಿಯಾದ 3,020 ಸಸಿಗಳನ್ನು ಎರಡನೆಯ ಸಲ ಕಳಿಸಿಕೊಟ್ಟರು. 1912ರ ಮಾರ್ಚ್ 27ರಂದು ಅವುಗಳಲ್ಲಿ ಮೊದಲಿನ ಎರಡನ್ನು ನೆಟ್ಟರು. ಅಲ್ಲಿ ಈಗಲೂ ಪ್ರತಿ ವರ್ಷ ಜನ ಹೂವು ನೋಡಲು ಸೇರುತ್ತಾರೆ.

ನಾವು ಸುಮ್ಮನಾದೆವು. ಕೆಟ್ಟ ಮಾಲು ಹೋಗಿದೆ ಎಂದು ತಿಳಿದ ಕೂಡಲೆ ಒಳ್ಳೆಯ ಮಾಲು ಕಳಿಸಿದವನ ಮಾತು ಕೇಳಿ ಯಾವ ವ್ಯಾಪಾರಿಗೂ ಸಂತೋಷವಾಗಬೇಕು. ನಮಗೆ ಯಾಕೋ ಆಗಲಿಲ್ಲ. ಯಾಕೆಂಬುದು ಎರಡು ನಿಮಿಷದಲ್ಲಿ ತಿಳಿಯಿತು.

"ಹಾಗಾದರೆ ನಮ್ಮ ದೇಶದಾಗ ಖರೇ ಚೆರ್ರಿ ಇಲ್ಲೇನ್ರಿ?" ಎಂದು ಮಾತಿಗೆ ಮಾತು ಕೇಳಿದೆವು.

"ಇದೆ ಸ್ವಾಮಿ. ಹಿಮಾಲಯದಲ್ಲಿ ಇದೆ, ಮೇಘಾಲಯದಲ್ಲಿ ಇದೆ. ನಾನು ಶಿಲ್ಲಾಂಗಿಗೆ ಹೋಗಿ ನೋಡಿ ಬಂದಿದ್ದೇನೆ. ಜಪಾನಿನದು ವಸಂತದಲ್ಲಿ ಬಿಟ್ಟರೆ ನಮ್ಮದು ನವೆಂಬರಿನಲ್ಲಿ ಬಿಡುತ್ತದೆ. 2016ರಿಂದ ಅಲ್ಲಿ ಹಬ್ಬವನ್ನೇ ಮಾಡುತ್ತಾರೆ. ಆಯುರ್ವೇದದಲ್ಲಿ ಅದಕ್ಕೆ ಪದ್ಮಕ ಅಂತ ಹೆಸರು. ಅದರ ಕಟ್ಟಿಗೆಯನ್ನೇ ಪದ್ಮಕಾಷ್ಠ ಅನ್ನುತ್ತಾರಲ್ಲ, ನೀವು ಅಂಗಡಿಯವರು, ಕೇಳಿರಬೇಕು."

ಕೇಳಿರಬೇಕು! ಆ ಹೆಸರನ್ನು ನಾವು ಹುಟ್ಟಿದಂದಿನಿಂದ ಕೇಳಿದ್ದೇವೆ.

ನಮ್ಮದು ಕಿರಾಣಿ ಅಂಗಡಿ. ಆದರೆ ತಂದೆಯವರ ಕಾಲದಿಂದ ಒಂದು ಗೋಡೆಗೆ ಕಾಷ್ಠೌಷಧಿಯ ಡಬ್ಬಿಗಳೂ ಇದ್ದವು. ಜ್ಯೇಷ್ಠಮಧು, ಅಳಲೆಕಾಯಿ, ಹಿಪ್ಪಲಿ, ಮಂಜಿಷ್ಠ, ಪದ್ಮಕಾಷ್ಠ. ನಾಲ್ಕು ಮೈಲು ಆಚೆ ಒಂದು ಹಳ್ಳಿಯಲ್ಲಿ ವೈದ್ಯರು ಒಬ್ಬರಿದ್ದರು. ಸುತ್ತಿನ ಹತ್ತು ಹಳ್ಳಿಗೆ ಅವರೇ ಆಧಾರ. ಮುಖ್ಯವಾಗಿ ಅವರಿಗೋಸ್ಕರ ತಂದೆಯವರು ಆ ಡಬ್ಬಿಗಳನ್ನು ಇಟ್ಟದ್ದು. ಪದ್ಮಕಾಷ್ಠ ಬಂದಾಗ ತಂದೆಯವರು ಅದನ್ನು ನೇರವಾಗಿ ಡಬ್ಬಿಗೆ ಸುರಿಯುತ್ತಿರಲಿಲ್ಲ. ತೊಗಟೆಯ ಮೇಲೆ ಉಂಗುರದ ಹಾಗೆ ಅಡ್ಡ ಗೆರೆಗಳಿವೆಯೇ ಎಂದು ಬೆಳಕಿಗೆ ಹಿಡಿದು ನೋಡುವರು, ಉಗುರಿನಿಂದ ಕೆರೆಯುವರು, ಮೂಸುವರು, ಒಂದು ಚೂರನ್ನು ಬಟ್ಟಲಿನ ನೀರಿನಲ್ಲಿ ರಾತ್ರಿಯೆಲ್ಲ ಇಟ್ಟು ಬೆಳಿಗ್ಗೆ ನೋಡುವರು. ಆ ವೈದ್ಯರು ಅದನ್ನು ಬಸುರು ನಿಲ್ಲದ ಹೆಣ್ಣುಮಕ್ಕಳ ಕಷಾಯಕ್ಕೆ ಹಾಕುತ್ತಾರೆ, ಹುಡುಗಾಟವಲ್ಲ ಎಂದು ನಮಗೆ ಹೇಳುತ್ತಿದ್ದರು. ಅದು ಮರವೋ ಬಳ್ಳಿಯೋ, ಅದಕ್ಕೆ ಹೂವು ಯಾವ ಬಣ್ಣದ್ದು ಎಂದು ಅವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ನಮ್ಮ ಪಾಲಿಗೆ ಅದು ಚೀಲದಲ್ಲಿ ಬರುವ ಕಟ್ಟಿಗೆ.

ತಂದೆಯವರು 1988ರಲ್ಲಿ ತೀರಿಕೊಂಡರು. ಕಿಲ್ಲಾರಿಯ ಭೂಕಂಪ ಆದ ವರ್ಷ, ಅಂದರೆ 1993ರ ದೀಪಾವಳಿಯ ಮುಂದೆ, ಪದ್ಮಕಾಷ್ಠ ಮುಗಿದಿತ್ತು. ದೊಡ್ಡ ಪೇಟೆಯ ಒಬ್ಬ ಅಡತಿ ವ್ಯಾಪಾರಿಗೆ ಹೇಳಿಕಳಿಸಿದೆವು. ಮಾಲು ಬಂತು, ಐದು ಕಿಲೋ. ಬಿಚ್ಚಿ ನೋಡಿದರೆ ಬಣ್ಣ ಮಾತ್ರ ಕೆಂಪು. ತೊಗಟೆಯಲ್ಲಿ ಉಂಗುರವಿಲ್ಲ, ವಾಸನೆಯಿಲ್ಲ. ಬಟ್ಟಲಿನಲ್ಲಿ ಹಾಕಿದರೆ ಗಳಿಗೆಯೊಳಗೆ ನೀರು ಕಾವಿ ಕಲಸಿದಂತಾಯಿತು. ಯಾವುದೋ ಕಟ್ಟಿಗೆಗೆ ಬಣ್ಣ ಹಚ್ಚಿದ್ದರು. ನಾವು ಪೇಟೆಗೆ ಹೋದಾಗ ಕೇಳಿದರೆ ಅವನು, "ನಡೀತದ ತಗೋರಿ ಸಾವಕಾರ್ರ, ಹಳ್ಳ್ಯಾಗ ಯಾರ ನೋಡ್ತಾರ?" ಎಂದ. ಹಿಂದಿರುಗಿಸಬೇಕಾಗಿತ್ತು. ಅವನ ಕಡೆಯಿಂದ ನಮಗೆ ಬೆಲ್ಲ, ಕೊಬ್ಬರಿ ಉದರಿ ಬರುತ್ತಿತ್ತು. ಮಗನ ಸಾಲೆಯ ಖರ್ಚು, ತಂಗಿಯ ಮದುವೆಯ ಸಾಲ, ಎಲ್ಲ ಅದೇ ವರ್ಷ. ಡಬ್ಬಿಗೆ ಸುರಿದೆವು. ಡಬ್ಬಿಯ ಮೇಲೆ ತಂದೆಯವರ ಕೈಬರಹದ ಚೀಟಿ ಹಾಗೆಯೇ ಇತ್ತು.

ವೈದ್ಯರು ಬಂದು ಅರ್ಧ ಕಿಲೋ ಕಟ್ಟಿಸಿಕೊಂಡು ಹೋದರು. ಮೂರನೆಯ ದಿನ ಮತ್ತೆ ಬಂದರು. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿ ಇದ್ದರು. ಅವರು ಹೋಗುವ ತನಕ ಕಟ್ಟೆಯ ಮೇಲೆ ಕುಳಿತಿದ್ದು, ಆಮೇಲೆ ಪೊಟ್ಟಣವನ್ನು ತಕ್ಕಡಿಯ ಪಕ್ಕದಲ್ಲಿಟ್ಟು, "ಸಾವಕಾರ್ರ, ಇದರ ಹೆಸರು ತಪ್ಪೈತಿ" ಎಂದರು. ಇಷ್ಟೇ. ನಾವು ರೊಕ್ಕ ತೆಗೆಯಲು ಹೋದರೆ ಬೇಡ ಎಂದು ಕೈ ಮಾಡಿ ಎದ್ದು ಹೋದರು. ಅವರು ನಮ್ಮ ಅಂಗಡಿಗೆ ಬಂದದ್ದು ಅದೇ ಕಡೆಯ ಸಲ.

ಉಳಿದ ಮಾಲನ್ನು ನಾವು ಹೊರಗೆ ಚೆಲ್ಲಿದೆವು ಎಂದು ಬರೆದರೆ ಓದುವವರಿಗೂ ಸಮಾಧಾನ, ನಮಗೂ ಮರ್ಯಾದೆ. ಚೆಲ್ಲಲಿಲ್ಲ. ಯುಗಾದಿಯ ತನಕ ಮಾರಿದೆವು. ಮೂರು ಕಿಲೋದಷ್ಟು ಹೋಯಿತು. ಯಾರು ಒಯ್ದರು, ಯಾವ ಮನೆಯ ಯಾವ ಹೆಣ್ಣುಮಗಳ ಕಷಾಯಕ್ಕೆ ಬಿತ್ತು ಎಂಬುದು ನಮ್ಮ ಖಾತೆಯಲ್ಲಿ ಇಲ್ಲ. ನಗದು ವ್ಯಾಪಾರಕ್ಕೆ ಹೆಸರು ಬರೆಯುವ ಪದ್ಧತಿ ಇರಲಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಕೊನೆಯದನ್ನು ಪ್ರತಿರೂಪಕ ವ್ಯವಹಾರ ಎಂದಿದ್ದಾರೆ. ಒಂದನ್ನು ತೋರಿಸಿ ಅದರಂತಿರುವ ಇನ್ನೊಂದನ್ನು ಕೊಡುವುದು. ದಶಲಕ್ಷಣ ಪರ್ವದಲ್ಲಿ ಎಷ್ಟು ವರ್ಷ ಈ ಅಧ್ಯಾಯವನ್ನು ಕೈಮುಗಿದು ಕೇಳಿದ್ದೇವೆ! ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ಪತ್ರಗಳನ್ನು ಅಚ್ಚು ಹಾಕಿಸಿ ಸಾಂಗಲಿ, ಮಿರಜ, ಅಥಣಿ, ಬೆಳಗಾವಿಯ ವ್ಯಾಪಾರಿಗಳಿಗೆಲ್ಲ ಕಳಿಸಿದ್ದೇವೆ. ಆ ಅಡತಿಯವನಿಗೂ ಕಳಿಸಿದ್ದೇವೆ. ನಾಲ್ಕು ಮೈಲು ಆಚೆಯ ವೈದ್ಯರಿಗೆ ಒಂದು ಪತ್ರ ಹೋಗಲಿಲ್ಲ. ಅವರು ನಮ್ಮ ಸಮಾಜದವರಲ್ಲ, ಅವರಿಗೆ ಈ ಪದ್ಧತಿ ತಿಳಿಯುವುದಿಲ್ಲ ಎಂದು ಆಗ ಮನಸ್ಸಿಗೆ ಹೇಳಿಕೊಂಡೆವು. 1999ರಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಅಂದು ಸಂತೆಯ ದಿನ, ಅಂಗಡಿ ಬಿಟ್ಟು ಹೋಗಲಾಗಲಿಲ್ಲ.

ಇದೆಲ್ಲ ಆ ಬೆಂಚಿನ ಮೇಲೆ ಕುಳಿತಲ್ಲಿಯೇ ನೆನಪಿಗೆ ಬಂತು. ನಿವೃತ್ತ ಗುರುಗಳು ತಮ್ಮ ಮೊಬೈಲಿನಲ್ಲಿ ಶಿಲ್ಲಾಂಗಿನ ಫೋಟೋ ತೋರಿಸಿದರು. ವಾರ್ಡ್ಸ್ ಲೇಕ್ ಎಂಬ ಕೆರೆಯ ಉದ್ಯಾನ, ದಂಡೆಯ ಮೇಲೆ ತಿಳಿ ಗುಲಾಬಿಯ ಮರ. ಹತ್ತಿರದಿಂದ ತೆಗೆದ ಒಂದರಲ್ಲಿ ಕಾಂಡ ಕಾಣುತ್ತಿತ್ತು. ಹೊಳಪಿನ ಕಂದು ತೊಗಟೆ, ಅದರ ಮೇಲೆ ಸುತ್ತಲೂ ಉಂಗುರದ ಗೆರೆ. ತಂದೆಯವರು ಬೆಳಕಿಗೆ ಹಿಡಿದು ಹುಡುಕುತ್ತಿದ್ದ ಗೆರೆ. ಆ ಫೋಟೋವನ್ನು ನಮ್ಮ ಮೊಬೈಲಿಗೆ ಕಳಿಸಲು ಕೇಳಿಕೊಂಡೆವು.

ಮನೆಗೆ ಬಂದ ಮೇಲೆ ಮೊಮ್ಮಗಳು ಸಾಲೆಗೆ ಬರೆಯಬೇಕಾದ ನಿಬಂಧ ಬರೆಯಲು ಕುಳಿತಳು. ತಾನು ನೋಡಿದ ಮರ ಎಂಬುದು ವಿಷಯ. ಮೇಲೆ ಚೆರ್ರಿ ಮರ ಎಂದು ದೊಡ್ಡದಾಗಿ ಬರೆದು ಸುತ್ತಲೂ ಹೂವಿನ ಚಿತ್ರ ತೆಗೆದಿದ್ದಳು.

"ಅದು ಚೆರ್ರಿ ಅಲ್ಲವ್ವ, ಟಬೆಬುಯಾ ಅಂತ ಬರಿ" ಎಂದೆವು.

"ಎಲ್ಲಾರೂ ಚೆರ್ರಿನ ಅಂತಾರ ಅಜ್ಜಾ. ಅಂದ್ರ ಏನ ಕೆಡತೈತಿ?"

ಕೂಸು ಕೇಳಿದ್ದರಲ್ಲಿ ತಪ್ಪಿಲ್ಲ. ಆ ಮರಕ್ಕೆ ಚೆರ್ರಿ ಎಂದರೆ ಏನೂ ಕೆಡುವುದಿಲ್ಲ. ಅದು ತನ್ನ ಪಾಡಿಗೆ ತಾನು ಹೂವು ಬಿಡುತ್ತದೆ, ಯಾರಿಂದಲೂ ರೊಕ್ಕ ತೆಗೆದುಕೊಂಡಿಲ್ಲ. ಆದರೂ ನಾವು ಎದ್ದು ಹೋಗಿ ಅವಳ ಪಕ್ಕದಲ್ಲಿ ಕುಳಿತು ಅಳಿಸುವ ರಬ್ಬರು ಕೊಟ್ಟೆವು. ಅವಳು ಮುಖ ಸಣ್ಣದು ಮಾಡಿಕೊಂಡು ಅಳಿಸಿದಳು. ಟಬೆಬುಯಾ ಎಂಬುದನ್ನು ಮೂರು ಸಲ ತಪ್ಪು ಬರೆದಳು.

ರಾತ್ರಿ ಮಗನ ಮುಂದೆ 1993ರ ಸಂಗತಿ ಹೇಳಿದೆವು. ಹೇಳುವ ವಿಚಾರವಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಅವನು ಲಕ್ಷ್ಯಗೊಟ್ಟು ಕೇಳಿ, "ಬಿಡ್ರಿ ಅಪ್ಪಾ, ಮೂವತ್ತು ವರ್ಷದ ಮಾತು. ಆವಾಗ ಎಲ್ಲಾರೂ ಮಾಡತಿದ್ರು" ಎಂದ. ನಮ್ಮ ಮನೆಯವರು ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಮಲಗಿದ್ದರು. ನಿದ್ದೆ ಹತ್ತಿದೆ ಎಂದು ನಾವು ತಿಳಿದಿದ್ದೆವು. ಅಲ್ಲಿಂದಲೇ, "ವೈದ್ಯರು ಯಾಕ ಬರೂದ ಬಿಟ್ರು ಅಂತ ನಾ ಆವಾಗ ಕೇಳಿದ್ದೆ. ವಯಸ್ಸಾತು, ಅವರಿಗೆ ದೂರ ಆಗತೈತಿ ಅಂತ ನೀವು ಹೇಳಿದ್ರಿ" ಎಂದರು. ಮುಂದೆ ಮಾತಾಡಲಿಲ್ಲ. ಮಗನೂ ಎದ್ದು ಹೋದ.

ಊರಿಗೆ ಬಂದ ಮೇಲೆ ಮೊದಲು ಮಾಡಿದ ಕೆಲಸವೆಂದರೆ ಆ ಡಬ್ಬಿ ಹುಡುಕಿದ್ದು. ಕಾಷ್ಠೌಷಧಿಯ ವ್ಯಾಪಾರ ಬಿಟ್ಟು ಬಹಳ ವರ್ಷವಾಯಿತು, ಡಬ್ಬಿಗಳು ಅಟ್ಟದ ಮೇಲೆ ಇದ್ದವು. ಪದ್ಮಕಾಷ್ಠದ ಡಬ್ಬಿಯ ತಳದಲ್ಲಿ ಹಿಡಿಯಷ್ಟು ಚೂರುಗಳು. ಎರಡೂ ಕೂಡಿಕೊಂಡಿದ್ದವು. ಅಂಗಳದ ಬಿಸಿಲಿನಲ್ಲಿ ಪೇಪರು ಹಾಸಿ ಬೇರೆ ಮಾಡಿದೆವು. ಬಣ್ಣ ಹಚ್ಚಿದವು ಬಣ್ಣ ಬಿಟ್ಟು ಬೂದಿಯಾಗಿದ್ದವು. ಉಂಗುರದ ಗೆರೆ ಇದ್ದವು ಏಳೇ ಏಳು ಸಿಕ್ಕವು. ಒಂದನ್ನು ಮೊಮ್ಮಗಳಿಗೆ ಕೊರಿಯರ ಮಾಡಿದೆವು, ಒಳಗೆ ಚೀಟಿಯಲ್ಲಿ ಹೆಸರು ಬರೆದು.

ಆಮೇಲೆ ವೈದ್ಯರ ಹಳ್ಳಿಗೆ ಹೋದೆವು. ಹೋಗಲಿಕ್ಕೆ ಎಂಟು ದಿನ ಹಿಡಿಯಿತು ಎಂಬುದನ್ನೂ ಹೇಳಬೇಕು. ಇಂದು ಬಿಸಿಲು, ನಾಳೆ ಸಂತೆ ಎಂದು ದಿನ ನೂಕಿದೆವು. ಅವರ ಮಗ ಹೊಲಕ್ಕೆ ಹೋಗಿದ್ದ. ವೈದ್ಯರ ಮನೆಯವರು ಇನ್ನೂ ಇದ್ದಾರೆ, ಎಂಬತ್ತೈದು ದಾಟಿದ ವಯಸ್ಸು. ಪಡಸಾಲೆಯಲ್ಲಿ ಕುಳಿತು ಶೇಂಗಾ ಹಸನು ಮಾಡುತ್ತಿದ್ದರು. ಹೆಸರು ಹೇಳಿದ ಮೇಲೆ ಗುರುತು ಹಿಡಿದು, "ಬಾರ ಯಪ್ಪಾ, ಯಳವಿ ಸಾವಕಾರಲ್ಲ" ಎಂದು ಚಾಪೆ ಹಾಸಿದರು.

ನಾವು ನಡೆದದ್ದನ್ನೆಲ್ಲ ಹೇಳಿದೆವು. ಯುಗಾದಿಯ ತನಕ ಮಾರಿದ್ದನ್ನೂ ಹೇಳಿದೆವು. ಕೈಯಲ್ಲಿ ಶೇಂಗಾ ಸಾಗಿಯೇ ಇತ್ತು. ಹೇಳಿ ಮುಗಿದ ಮೇಲೆ ಅವರು, "ಅವರಿಗಿ ಗೊತ್ತಿತ್ತ. ಮುಂದ ಮಿರಜಕ್ಕ ಹೋಗಿ ತರತಿದ್ರು. ಹೋಗೂದ ಒಂದ ದಿನ, ಬರೂದ ಒಂದ ದಿನ. ಬಸ್ಸ ತಪ್ಪಿದ್ರ ಅಲ್ಲೇ ಸ್ಟ್ಯಾಂಡಿನ್ಯಾಗ ಮಲಗತಿದ್ರು" ಎಂದರು.

"ನಮ್ಮ ಬಗ್ಗೆ ಏನಂತಿದ್ರು ಅವ್ವಾರ?"

"ನಿಮ್ಮ ಬಗ್ಗೆ ಏನೂ ಅಂದಿಲ್ಲಪ. ಯಾರರ ಕೇಳಿದ್ರ, ಯಳವ್ಯಾಗ ಮಾಲ ತರಸೂದ ಬಿಟ್ಟಾರ ಅಂತಿದ್ರು."

ಅಂದರೆ ಆರು ವರ್ಷ, ಅವರು ಸಾಯುವ ತನಕ, ನಮ್ಮ ಅಂಗಡಿಯ ಹೆಸರು ಉಳಿಸಲು ಅವರು ಸುಳ್ಳು ಹೇಳಿದ್ದರು. ನಮಗೆ ಅಲ್ಲಿ ತಲೆ ಎತ್ತಿ ಕೂಡ್ರಲಾಗಲಿಲ್ಲ. ಕ್ಷಮಿಸಬೇಕು ಎಂದು ಕೈಮುಗಿದೆವು. ಕ್ಷಮಿಸಿದೆ ಎಂದೂ ಅವರು ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಸೊಸೆಗೆ ಕೂಗಿ ಚಹಾಕ್ಕೆ ಇಡಲು ಹೇಳಿದರು, ಹೊತ್ತು ಮುಳುಗುವುದರೊಳಗೆ ಆಗಲಿ, ಸಾವಕಾರರು ಕತ್ತಲಾದ ಮೇಲೆ ಏನೂ ತಗೊಳ್ಳುವುದಿಲ್ಲ ಎಂದು.

ಚಹಾ ಬರುವ ತನಕ ಏನು ಮಾತಾಡಬೇಕೋ ತಿಳಿಯದೆ ನಾವು ಜೇಬಿನಿಂದ ಮೊಬೈಲು ತೆಗೆದು ಶಿಲ್ಲಾಂಗಿನ ಫೋಟೋ ತೋರಿಸಿದೆವು. ಇದೇ ಅವ್ವಾರ ಪದ್ಮಕಾಷ್ಠದ ಮರ, ಬೆಂಗಳೂರಿನ ಪಾರ್ಕಿನಲ್ಲಿ ಒಬ್ಬರು ಗುರುಗಳು ಕೊಟ್ಟರು ಎಂದೆವು. ಅವರು ಕೈ ಒರೆಸಿಕೊಂಡು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಇದಕ್ಕ ಹೂವ ಬಿಡತಾವ?"

"ಬಿಡತಾವ್ರಿ. ಕಾರ್ತಿಕದಾಗ."

"ಅವರು ಬರೇ ಕಟಗಿ ನೋಡಿದ್ರು" ಎಂದರು. ಫೋಟೋ ತಾನಾಗಿ ಆರಿತು. ಮತ್ತೆ ಹಚ್ಚಿಕೊಡು ಎಂದು ಮೊಬೈಲನ್ನು ನಮ್ಮ ಕಡೆ ಚಾಚಿದರು. ಹಚ್ಚಿಕೊಟ್ಟೆವು.